ಅಟ್ಟದಿಂದ ಇಳಿದ ಸೆವೆನ್ ನಂಬರ್

ನಮ್ಮ ಕಡೆ ಕ್ಲಬ್ಬು ಅಂದರೆ ಇಸ್ಪೀಟು. ‘ಅವನು ಕ್ಲಬ್ಬಿಗೆ ಹೋಗ್ತಾನಂತೆ’ ಅಂದರೆ ಹೆಂಡತಿಯ ಬಳೆ ಗಿರವಿ ಅಂಗಡಿ ಸೇರಿತು ಅಂತಲೇ ಲೆಕ್ಕ. ಅದಕ್ಕೇ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ನಾನು ‘ಭಾನುವಾರ ಕ್ಲಬ್ಬಿಗೆ ಹೋಗಿ ಬರ್ತೀನಿ’ ಅಂದಾಗ ಅಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಹೆಂಡತಿಯ ಮುಖ ನೋಡಿದರು.

‘ಅದಲ್ಲ ಅತ್ತೆ, ಗಾಲ್ಫು. ಕೋಲಲ್ಲಿ ಹೊಡೀತಾರಲ್ಲ’ ಅಂದಳು ಅವಳು.

ಅಮ್ಮನಿಗೆ ಸಮಾಧಾನ ಆಯಿತು. ಆದರೂ ಒಂದು ಅನುಮಾನ ಉಳಿದಿತ್ತು. ‘ಮತ್ತೆ ಬ್ಯಾಗ್ ಹೊರೋಕಾ? ಈ ವಯಸ್ಸಲ್ಲಾ?’

ಅಮ್ಮನ ತಪ್ಪಿಲ್ಲ. ನಮ್ಮದು ಕೆಜಿಎಫ್. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದರು. ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ ಅದು. ಅವರು ಕೆಳಗೆ ಕಲ್ಲು ಒಡೆಯುವ ಹೊತ್ತಿಗೆ ನಾನು ಮೇಲೆ ಸಾಹೇಬರ ಬ್ಯಾಗ್ ಹೊರುತ್ತಿದ್ದೆ. 1983ರಿಂದ ಐದು ವರ್ಷ, ಶನಿವಾರ ಭಾನುವಾರ, ನಾನು ಗಾಲ್ಫ್ ಕ್ಯಾಡಿ. ಗಾಲ್ಫ್ ಇಂಗ್ಲಿಷರ ಕಾಲದಿಂದ ಬಂದದ್ದು. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಶುರು ಮಾಡಿದ ಮೇಲೆ ನಮ್ಮೂರಿಗೆ ಚಿನ್ನದ ಜೊತೆ ಬಂಗಲೆ, ಬೇಕರಿ, ಬಿಲಿಯರ್ಡ್ಸ್ ಎಲ್ಲಾ ಬಂತು. ಚಿನ್ನ ಹೊರಗೆ ಹೋಯಿತು, ಉಳಿದದ್ದು ಇಲ್ಲೇ ಉಳಿಯಿತು. ನನ್ನ ಕಾಲಕ್ಕೆ ಆಡುತ್ತಿದ್ದವರು ನಮ್ಮ ದೇಶದ ಆಫೀಸರುಗಳೇ. ನಾವು ಮಾತ್ರ ಅವರನ್ನೂ ‘ದೊರೆ’ ಅಂತಲೇ ಕರೆಯುತ್ತಿದ್ದೆವು.

ಕ್ಯಾಡಿ ಹುಡುಗರು ಆ ಮೈದಾನದಲ್ಲಿ ಆಡುವ ಹಾಗಿರಲಿಲ್ಲ. ಅದಕ್ಕೇ ನಮ್ಮದೇ ಮೈದಾನ ಇತ್ತು. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ಗುಡ್ಡದ ಕೆಳಗಿನ ಬಯಲಿನಲ್ಲಿ ಹಾಲಿನ ಪುಡಿ ಡಬ್ಬಗಳನ್ನು ಹೂತು ಗುಂಡಿ ಮಾಡಿದ್ದೆವು. ನಿಜವಾದ ಗಾಲ್ಫ್ ಗುಂಡಿಯ ಅಗಲ 108 ಮಿಲಿಮೀಟರು. ನಮ್ಮ ಡಬ್ಬ ಅದಕ್ಕಿಂತ ಒಂದು ಚೂರು ಚಿಕ್ಕದು. ಅದರಲ್ಲಿ ಆಡಿ ಅಭ್ಯಾಸ ಆದವನಿಗೆ ನಿಜವಾದ ಗುಂಡಿ ಬಕೆಟ್ಟಿನ ಹಾಗೆ ಕಾಣುತ್ತದೆ. ಬಾಲು ಎಲ್ಲಿಂದ ಬರುತ್ತಿತ್ತು ಅಂತ ಕೇಳಬೇಡಿ. ಸರಿ, ಹೇಳಿಬಿಡುತ್ತೇನೆ. ಪೊದೆಗೆ ಹೋದ ಬಾಲನ್ನು ಕಾಲ್ಬೆರಳಲ್ಲಿ ಮಣ್ಣಿಗೆ ಒತ್ತಿ ‘ಸಿಗಲಿಲ್ಲ ದೊರೆ’ ಅನ್ನುತ್ತಿದ್ದೆವು. ಸಂಜೆ ಹೋಗಿ ಕಿತ್ತುಕೊಂಡು ಬರುತ್ತಿದ್ದೆವು. ಆಗ ಬಾಲು ಹುಡುಕಲು ಐದು ನಿಮಿಷ ಬಿಡುತ್ತಿದ್ದರು. 2019ರಿಂದ ನಿಯಮ ಬದಲಾಗಿ ಮೂರೇ ನಿಮಿಷ ಆಗಿದೆ. ಈಗಿನ ಹುಡುಗರಿಗೆ ಕೆಲಸ ಸುಲಭ.

ಆ ಬಯಲಿನಲ್ಲಿ ಎಂಟು ಹುಡುಗರಿಗೆ ಇದ್ದದ್ದು ಒಂದೇ ಕೋಲು. ಅದು ನನ್ನದು. ವರ್ಗ ಆಗಿ ಹೋಗುವಾಗ ಒಬ್ಬ ದೊರೆ ಕೊಟ್ಟ ಸೆವೆನ್ ನಂಬರ್ ಐರನ್. ತೆಳ್ಳಗಿನ ಕಬ್ಬಿಣದ ತಲೆ, ಗಂಟು ಗಂಟಾಗಿ ಇಳಿಯುವ ಸ್ಟೀಲ್ ಶಾಫ್ಟು. ದೂರ ಹೊಡೆಯಲೂ ಅದೇ, ಹತ್ತಿರ ಹೊಡೆಯಲೂ ಅದೇ, ಕೊನೆಗೆ ಡಬ್ಬಕ್ಕೆ ತಳ್ಳಲೂ ಅದೇ. ಆಗಾಗ ಕೆಳಗೆ ಗಣಿಯಲ್ಲಿ ಏರ್ ಬ್ಲಾಸ್ಟ್ ಆಗುತ್ತಿತ್ತು. ಆಳದಲ್ಲಿ ಬಂಡೆ ಒತ್ತಡ ತಡೆಯದೆ ಸಿಡಿಯುವುದಕ್ಕೆ ನಮ್ಮೂರಲ್ಲಿ ಹೇಳುವ ಹೆಸರು ಅದು. ಮನೆಯ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಗುಂಡಿಯ ಅಂಚಲ್ಲಿ ನಿಂತಿದ್ದ ಒಬ್ಬ ದೊರೆಯ ಬಾಲು ಏರ್ ಬ್ಲಾಸ್ಟಿಗೆ ಅದುರಿ ತಾನಾಗಿ ಒಳಗೆ ಬಿತ್ತು ಅಂತ ಕ್ಯಾಡಿಗಳು ಹೇಳುತ್ತಿದ್ದರು. ನಾನಂತೂ ನೋಡಿಲ್ಲ. ಆದರೆ ಏರ್ ಬ್ಲಾಸ್ಟ್ ಆದರೆ ನಮಗೆ ಬಾಲು ನೆನಪಾಗುತ್ತಿರಲಿಲ್ಲ. ಯಾರ ಅಪ್ಪ ಆ ಶಿಫ್ಟಿನಲ್ಲಿ ಇಳಿದಿದ್ದಾರೆ ಅನ್ನೋದೇ ನೆನಪಾಗುತ್ತಿತ್ತು. ಕೋಲು ಅಲ್ಲೇ ಬಿಸಾಕಿ ಓಡುತ್ತಿದ್ದೆವು.

ಆಮೇಲೆ ಐಟಿಐ, ಟೂಲ್ ರೂಮಿನಲ್ಲಿ ಫಿಟ್ಟರ್ ಕೆಲಸ, ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನಾ ರೈಲು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಅಪ್ಪ ಮನೆಯಲ್ಲಿ ಕೂತರು. ಆ ಗಾಲ್ಫ್ ಮೈದಾನದ ಕಡೆ ನಾನು ತಲೆ ಹಾಕಲೇ ಇಲ್ಲ. ಹೋಗಿ ಏನು ನೋಡೋದು ಅಂತ ಸುಮ್ನೆ ಇದ್ದೆ.

ಗಾಲ್ಫ್ ನನ್ನನ್ನು ಬಿಡಲಿಲ್ಲ ಅನ್ನುವುದು ಬೇರೆ ಕಥೆ. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಮಾಲೀಕರಿಗೆ ಐವತ್ತು ದಾಟಿದ ಮೇಲೆ ಗಾಲ್ಫ್ ಹುಚ್ಚು ಹತ್ತಿತು. ನನಗೆ ಆಟ ಗೊತ್ತು ಅಂತ ಯಾರೋ ಹೇಳಿದ್ದರು. ಒಂದು ದಿನ ಕರೆದುಕೊಂಡು ಹೋದರು. ನಾನು ಪ್ಯಾಂಟು ಮಡಚಿ ಒಂದು ಹೊಡೆದೆ. ಅವರು ಬಾಲು ಬೀಳುವ ತನಕ ನೋಡಿ, ‘ನೀನು ಪ್ರತಿ ತಿಂಗಳು ಬರಬೇಕು’ ಅಂದರು. ಹೀಗೆ ಹತ್ತು ಹನ್ನೆರಡು ವರ್ಷ ಬೆಂಗಳೂರಿನ ಆಸುಪಾಸಿನ ಹಸಿರು ಮೈದಾನಗಳಲ್ಲಿ ಆಡಿದೆ. ಹ್ಯಾಂಡಿಕ್ಯಾಪ್ 14ರ ತನಕ ಬಂತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದೊಂದು ಗುಂಡಿಗೆ ಇಷ್ಟು ಏಟು ಅಂತ ಗೊತ್ತು ಮಾಡಿದ ಪಾರ್ ಅನ್ನೋ ಲೆಕ್ಕಕ್ಕಿಂತ ನಾವು ಸುಮಾರು ಎಷ್ಟು ಏಟು ಜಾಸ್ತಿ ಹೊಡೆಯುತ್ತೇವೆ ಅನ್ನೋ ಅಂದಾಜು ಅದು. ಕೊನೆಯ 20 ಆಟಗಳಲ್ಲಿ ಚೆನ್ನಾಗಿ ಆಡಿದ 8 ಆಟ ತೆಗೆದು ಸರಾಸರಿ ಹಾಕುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಕ್ಯಾಡಿಯಾಗಿದ್ದವರು ಈ ಆಟದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಶುರು ಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಾನು 14ಕ್ಕೇ ಖುಷಿಯಾಗಿದ್ದೆ.

ಆಗ ಹೊಸ ಸೆಟ್ ತಗೊಂಡೆ. ಸೆಕೆಂಡ್ ಹ್ಯಾಂಡೇ, ಆದರೂ ಎರಡು ತಿಂಗಳ ಸಂಬಳ. ತುಂಬಾ ದೂರ ಹೊಡೆಯುವ ಕೋಲು ಡ್ರೈವರ್, ಅದರ ತಲೆ 460 ಸಿಸಿ, ನಿಯಮ ಬಿಡುವ ಗರಿಷ್ಠ ಅಳತೆ, ಸಣ್ಣ ಹಲಸಿನಕಾಯಿ ಥರ. ಐರನ್‌ಗಳು ಹಿಂದೆ ಗುಳಿ ಬಿದ್ದ ದಪ್ಪ ತಲೆಯವು. ಮೊದಲ ದಿನವೇ ಸೆವೆನ್ ನಂಬರ್ 145 ಗಜ ಹೋಯಿತು. ಹಳೇ ಕೋಲಲ್ಲಿ 125 ದಾಟಿದ್ದೇ ಇಲ್ಲ. ನಾನು ಹಳೇದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಅಲ್ಲಿಂದ ಆಟ ಕೆಟ್ಟಿತು. ಒಂದೇ ಸಲ ಕೆಟ್ಟಿದ್ದರೆ ಗೊತ್ತಾಗುತ್ತಿತ್ತು. ಇದು ಬಾವಿ ನೀರು ಇಳಿಯುವ ಹಾಗೆ ಇಳಿಯಿತು. 14 ಇದ್ದದ್ದು 16, 19, ಕೊನೆಗೆ 22. ಹೊಡೆತ ನೋಡೋಕೆ ಪರವಾಗಿಲ್ಲ, ಬಾಲು ಮಾತ್ರ ಬಲಗಡೆ ಸೋರುತ್ತದೆ, ಗ್ರೀನಿಗೆ, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿಗೆ, ಹತ್ತು ಗಜ ಮೊದಲೇ ಬೀಳುತ್ತದೆ. ರೈಲಿನಲ್ಲಿ ಬರುವಾಗ ಮೊಬೈಲಿನಲ್ಲಿ ಪಾಠ ನೋಡುತ್ತಿದ್ದೆ. ಒಬ್ಬ ಗುರು ಮೊಣಕೈ ಒಳಗಿರಲಿ ಅನ್ನುತ್ತಾನೆ. ಇನ್ನೊಬ್ಬ ಹೊರಗಿರಲಿ ಅನ್ನುತ್ತಾನೆ. ಮೂರನೆಯವನು ಇಬ್ಬರನ್ನೂ ನಂಬಬೇಡ, ನನ್ನ ಕೋರ್ಸ್ ತಗೋ ಅನ್ನುತ್ತಾನೆ. ಅದರ ಮೇಲೆ ಭುಜ ಹಿಡಿಯಿತು. ಫ್ರೋಜನ್ ಶೋಲ್ಡರ್. ಶುಗರ್ ಇರುವವರಿಗೆ ಜಾಸ್ತಿ ಬರುತ್ತದಂತೆ, ನನಗೆ ಶುಗರ್ ಇದೆ. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ, ಬಾಗಿಲ ಮೇಲೆ ಹಗ್ಗ ಹಾಕಿ ಎಳೆಯುತ್ತಾ ಒಂದೂವರೆ ವರ್ಷ. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಬೇಸರ, ನೋವು, ಮತ್ತೆ ಬೇಸರ. ಹೊಸ ಸೆಟ್ಟನ್ನು ಮಾಲೀಕರ ಮನೆಯಲ್ಲೇ ಬಿಟ್ಟಿದ್ದೆ.

ಹೋದ ವರ್ಷ ಹಿಂಗಾರು ಮಳೆಗೆ ಅಟ್ಟ ಸೋರಿತು. ಯಾವ ಹೆಂಚು ಒಡೆದಿದೆ ನೋಡಲು ಹತ್ತಿದೆ. ಹಾರೆ, ಹಳೇ ಕೊಳಗ, ಅಪ್ಪನ ಗಣಿ ಟೋಪಿ, ಅದರ ಪಕ್ಕ ಗೋಣಿಚೀಲ. ಬಿಚ್ಚಿದರೆ ಸೆವೆನ್ ನಂಬರ್. ಗ್ರಿಪ್ಪಿನ ರಬ್ಬರ್ ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಅಂಟಿತು. ಆದರೆ ತಲೆಯನ್ನು ಬನಿಯನ್ನಿನಲ್ಲಿ ಒರೆಸಿದಾಗ ಒಂದು ಕಂಡಿತು. ಕಬ್ಬಿಣದ ಮುಖದ ಮೇಲೆ, ಗೆರೆಗಳ ಸರಿಯಾಗಿ ಮಧ್ಯ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಸವೆದು ನುಣ್ಣಗಾಗಿದೆ. ಅಲ್ಲಿ ಗೆರೆಯೇ ಇಲ್ಲ. ಅಷ್ಟಗಲ ಮಾತ್ರ. ಸುತ್ತ ಎಲ್ಲಾ ಗೆರೆ ಹಾಗೇ ಇದೆ. ಆ ದೊರೆ ಅಷ್ಟು ವರ್ಷ, ಆಮೇಲೆ ನಾವು ಎಂಟು ಹುಡುಗರು ಅಷ್ಟು ವರ್ಷ, ಹೊಡೆದದ್ದೆಲ್ಲ ಆ ನಾಣ್ಯದ ಮೇಲೆಯೇ. ಹೆಂಚಿನ ವಿಷಯ ಮರೆತೆ. ಆ ರಾತ್ರಿ ಅಡುಗೆಮನೆಯಲ್ಲಿ ಬೇಸಿನ್ ಇಟ್ಟುಕೊಂಡೇ ಮಲಗಿದೆವು.

ಗ್ರಿಪ್ಪು ನಾನೇ ಹಾಕಿದೆ. ಹೊಸದು ಬೆಂಗಳೂರಿನಿಂದ ತರಿಸಿದೆ. ಹಳೇದನ್ನು ಚಾಕುವಿನಲ್ಲಿ ಉದ್ದಕ್ಕೆ ಸೀಳಿ ಬಾಳೆಹಣ್ಣು ಸುಲಿದ ಹಾಗೆ ತೆಗೆದೆ. ಒಳಗಿನ ಅಂಟು ಸೀಮೆಎಣ್ಣೆಗೆ ಬಗ್ಗಲಿಲ್ಲ, ಥಿನ್ನರ್‌ಗೆ ಬಗ್ಗಿತು. ಶಾಫ್ಟಿನ ಮೇಲೆ ಎರಡೂ ಕಡೆ ಅಂಟಿರುವ ಟೇಪು ಸುತ್ತಿದೆ. ಹೊಸ ಗ್ರಿಪ್ಪಿನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಬೆರಳಲ್ಲಿ ಮುಚ್ಚಿ ಒಳಗೆ ಥಿನ್ನರ್ ಸುರಿದು ಕುಲುಕಿ, ಅದೇ ಥಿನ್ನರನ್ನು ಟೇಪಿನ ಮೇಲೂ ಸುರಿದು, ಒಂದೇ ಉಸಿರಿಗೆ ಒಳಗೆ ನೂಕಬೇಕು. ಮಧ್ಯ ನಿಂತರೆ ಮುಗಿಯಿತು, ಅಲ್ಲೇ ಹಿಡಿದುಬಿಡುತ್ತದೆ. ನನ್ನದು ಮುಕ್ಕಾಲಿಗೆ ನಿಂತಿತು. ಸೀಳಿ ಬಿಸಾಕಿದೆ. ಎರಡನೆಯದು ಸರಿಯಾಗಿ ಕೂತಿತು. ಮೊದಲೇ ಎರಡು ತರಿಸಿದ್ದೆ, ನನ್ನ ಕೈ ನನಗೆ ಗೊತ್ತಲ್ಲ.

ಫಿಟ್ಟರ್ ಬುದ್ಧಿ ಎಲ್ಲಿ ಬಿಡುತ್ತದೆ? ಕೋಲನ್ನು ರೈಲಿನಲ್ಲಿ ಟೂಲ್ ರೂಮಿಗೆ ತಗೊಂಡು ಹೋದೆ. ಅಕ್ಕಪಕ್ಕದವರು ‘ಹಾಕಿನಾ ಅಣ್ಣಾ?’ ಅಂತ ಕೇಳಿದರು. ನಮ್ಮೂರಲ್ಲಿ ಕೋಲು ಅಂದರೆ ಮೊದಲು ಹಾಕಿಯೇ. ಮಾಲೀಕರಿಂದ ಹೊಸ ಸೆವೆನ್ ನಂಬರನ್ನೂ ತರಿಸಿಕೊಂಡೆ. ಸರ್ಫೇಸ್ ಪ್ಲೇಟಿನ ಮೇಲೆ ಎರಡನ್ನೂ ನಿಲ್ಲಿಸಿ ಕೋನ ಅಳೆಯುವ ಬೆವೆಲ್ ಪ್ರೊಟ್ರಾಕ್ಟರ್ ಹಿಡಿದೆ. ಹಳೇದರ ಮುಖ 37 ಡಿಗ್ರಿ ಹಿಂದಕ್ಕೆ ವಾಲಿದೆ. ಹೊಸದು 30. ಐರನ್‌ಗಳಲ್ಲಿ ನಂಬರ್ ಕಡಿಮೆ ಆದಷ್ಟೂ ಮುಖ ನೆಟ್ಟಗೆ, ಬಾಲು ದೂರ. ಏಳು ಡಿಗ್ರಿ ವ್ಯತ್ಯಾಸ ಅಂದರೆ ಸುಮಾರು ಎರಡು ನಂಬರ್ ವ್ಯತ್ಯಾಸ. ಹೊಸ ಕೋಲು ಹೆಸರಿಗೆ ಸೆವೆನ್, ಒಳಗೆ ಹಳೇ ಕಾಲದ ಫೈವ್. ಕೆಳಗೆ ಬರೆದ ನಂಬರ್ ಬದಲಾಯಿಸಿ ‘ದೂರ ಹೋಗುತ್ತೆ’ ಅಂತ ನನಗೆ ಮಾರಿದ್ದಾರೆ. ಸೈಜ್ ಕಡಿಮೆ ಮಾಡಿ ಬಿಸ್ಕತ್ ಪ್ಯಾಕೆಟ್ಟಿಗೆ ಅದೇ ರೇಟು ಇಡುತ್ತಾರಲ್ಲ, ಅದೇ ಲೆಕ್ಕ, ತಿರುಗಿಸಿ. ತಪ್ಪು ಅಂತ ಹೇಳೋಕಾಗಲ್ಲ. ನಂಬರ್ ಇಷ್ಟೇ ಡಿಗ್ರಿ ಇರಬೇಕು ಅಂತ ನಿಯಮ ಇಲ್ಲ. ನನ್ನ ಎದೆ ಉಬ್ಬಿದ್ದು ಮಾತ್ರ ಸುಳ್ಳು ಲೆಕ್ಕಕ್ಕೆ.

ಆದರೆ ಆಟ ಕೆಟ್ಟಿದ್ದು ಅದಕ್ಕಲ್ಲ. ಅದು ಗೊತ್ತಾದದ್ದು ಬ್ಲೂ ಹಚ್ಚಿದಾಗ.

ಟೂಲ್ ರೂಮಿನವರಿಗೆ ಬ್ಲೂ ಗೊತ್ತು. ಎರಡು ಲೋಹದ ಮುಖ ಸರಿಯಾಗಿ ಕೂರುತ್ತವಾ ಅಂತ ನೋಡಲು ಒಂದಕ್ಕೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ ಇನ್ನೊಂದಕ್ಕೆ ಉಜ್ಜುತ್ತೇವೆ. ಎಲ್ಲಿ ಮುಟ್ಟುತ್ತದೋ ಅಲ್ಲಿ ಗುರುತು ಬೀಳುತ್ತದೆ. ಅದೇ ಬ್ಲೂವನ್ನು ಎರಡೂ ಕೋಲಿನ ಮುಖಕ್ಕೆ ಹಚ್ಚಿ, ಊಟದ ಬಿಡುವಿನಲ್ಲಿ ಶೆಡ್ಡಿನ ಹಿಂದೆ ಬಲೆಗೆ ಹೊಡೆದೆ. ಮೊದಲು ಹೊಸದು. ಹತ್ತು ಏಟು. ಎಲ್ಲವೂ ಹೊಡೆದಾಗ ಸುಖವಾಗಿ ‘ಟಕ್’ ಅಂದವು. ಮುಖ ನೋಡಿದರೆ ಹತ್ತರಲ್ಲಿ ಏಳು ಗುರುತು ತುದಿಯ ಕಡೆ. ಒಂದು ಗುರುತು ಹೆಚ್ಚುಕಡಿಮೆ ಹೊರಗೇ ಬಿದ್ದಿತ್ತು. ಆಮೇಲೆ ಹಳೇದು. ಮೊದಲ ಏಟಿಗೇ ಕೈ ಝುಂ ಅಂದು ಮೊಣಕೈ ತನಕ ಹತ್ತಿತು. ಎರಡನೆಯದು, ಮೂರನೆಯದು, ಅದೇ ಕಥೆ. ನಾಲ್ಕನೆಯದಕ್ಕೆ ನಾನು ತಾನಾಗಿ ಅರ್ಧ ಹೆಜ್ಜೆ ಹತ್ತಿರ ನಿಂತಿದ್ದೆ. ಯಾರೂ ಹೇಳಲಿಲ್ಲ. ಕೈ ಹೇಳಿತು.

ಹೊಸ ಕೋಲಿನ ಹಿಂದೆ ಗುಳಿ ಯಾಕೆ ಅಂತ ಆಗ ಹೊಳೆಯಿತು. ಮಧ್ಯದ ತೂಕ ತೆಗೆದು ಅಂಚಿಗೆ ಹಾಕಿದ್ದಾರೆ. ಫ್ಲೈವೀಲಿನಲ್ಲಿ ತೂಕ ಅಂಚಲ್ಲಿ ಇಡುವ ಹಾಗೆ. ಏಟು ಮಧ್ಯ ತಪ್ಪಿದರೂ ತಲೆ ಅಷ್ಟಾಗಿ ತಿರುಗಲ್ಲ, ಕೈಗೆ ಅದುರು ಬರಲ್ಲ. ಹೊಸಬರಿಗೆ ಇದು ದೇವರ ಥರ, ನಾನು ಬೈಯಲ್ಲ. ಆದರೆ ನನ್ನ ಭುಜ ನಿಧಾನಕ್ಕೆ ಬಿಗಿಯುತ್ತಾ ಬಂದಿತ್ತು. ಬಿಗಿದ ಭುಜ ಕೈಗಳನ್ನು ಒಳಗೆ ಎಳೆಯುತ್ತಿತ್ತು. ಬಾಲು ಒಂದೊಂದೇ ಸೂತ್ ತುದಿ ಕಡೆ ಸರಿಯುತ್ತಿತ್ತು. ಅಷ್ಟು ವರ್ಷ ಕೋಲು ನನಗೆ ಅದನ್ನು ಹೇಳಲೇ ಇಲ್ಲ. ಮುಚ್ಚಿಟ್ಟಿತು. ಬೇರಿಂಗ್ ಹೋಗುತ್ತಿರುವಾಗ ಸೌಂಡ್ ಬರಲಿ ಅಂತ ನಾವು ಕಾಯುತ್ತೇವೆ. ಸೌಂಡೇ ಬಾರದ ಮೆಷಿನ್ ಕೊಟ್ಟರೆ ಏನು ಮಾಡೋದು?

ಆ ರಾತ್ರಿಯೇ ನಾನು ಮನೆಯಲ್ಲಿ ಕ್ಲಬ್ಬಿನ ಮಾತು ಎತ್ತಿದ್ದು. ಈ ಕೋಲು ಕಲಿತ ನೆಲದ ಮೇಲೇ ಇದನ್ನು ಹೊಡೆದು ನೋಡಬೇಕು ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಹೋದೆ. ಗೇಟಿನಲ್ಲಿ ಅಭ್ಯಾಸ ಬಲದಿಂದ ಎಡಕ್ಕೆ, ಕ್ಯಾಡಿಗಳು ಕೂರುತ್ತಿದ್ದ ಮರದ ಕಡೆ ತಿರುಗಿದೆ. ವಾಚ್‌ಮನ್ ‘ಸಾರ್, ಆಫೀಸ್ ಈ ಕಡೆ’ ಅಂದ. ಪುಸ್ತಕದಲ್ಲಿ ಅತಿಥಿ ಅನ್ನೋ ಕಾಲಂನಲ್ಲಿ ಹೆಸರು ಬರೆದೆ. ದುಡ್ಡು ಕಟ್ಟಿದೆ. ಪೆನ್ನು ವಾಪಸ್ ಕೊಡುವಾಗ ಕೈ ಸ್ವಲ್ಪ ಒದ್ದೆಯಾಗಿತ್ತು, ಅಷ್ಟೇ.

ಮರದ ಕೆಳಗೆ, ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದವರು ಕೂತಿದ್ದರು. ನನಗಿಂತ ಆರು ವರ್ಷ ದೊಡ್ಡವರು, ನಮ್ಮ ಕಾಲದ ಕ್ಯಾಡಿಗಳ ಮೇಸ್ತ್ರಿ. ಮನೆ ಮಾತು ತಮಿಳು, ನನ್ನ ಜೊತೆ ಯಾವತ್ತೂ ಕನ್ನಡ. ನನ್ನ ಮುಖಕ್ಕಿಂತ ಮೊದಲು ಕೋಲು ಗುರುತು ಹಿಡಿದರು.

‘ಏನ್ ತಂಬಿ, ಇದಿನ್ನೂ ಇದ್ಯಾ? ನಾನು ಇದರಲ್ಲಿ ಹತ್ತು ಪೈಸೆ ಪಂದ್ಯ ಗೆದ್ದಿದ್ದೆ.’

‘ಸೋತಿದ್ರಿ ಅಣ್ಣಾ. ಇನ್ನೂ ಕೊಟ್ಟಿಲ್ಲ.’

ಅವರೇ ನನ್ನ ಚೀಲ ಎತ್ತಿಕೊಂಡರು. ಬೇಡ ಅಂದೆ, ಕೇಳಲಿಲ್ಲ. ಚೀಲದಲ್ಲಿ ಐದೇ ಕೋಲು. 14 ಮೀರಬಾರದು ಅಂತ ನಿಯಮ, ಕಡಿಮೆ ಇದ್ದರೆ ಯಾರೂ ಕೇಳಲ್ಲ. ಸೆವೆನ್, ನೈನ್, ದೂರಕ್ಕೆ ಒಂದು ಫೈವ್ ವುಡ್, ಮರಳಿಗೆ ಒಂದು ವೆಡ್ಜ್, ಗುಂಡಿಗೆ ತಳ್ಳಲು ಒಂದು ಪಟರ್. ಹಲಸಿನಕಾಯಿ ಬೆಂಗಳೂರಿನಲ್ಲೇ ಇತ್ತು.

ಆ ದಿನದ ಒಂಬತ್ತು ಗುಂಡಿಗಳ ಬಗ್ಗೆ ಜಾಸ್ತಿ ಹೇಳುವುದು ಬೇಡ. ಪಾರ್‌ಗಿಂತ 17 ಜಾಸ್ತಿ. ಎರಡು ಬಾಲು ಜಾಲಿಮುಳ್ಳಿಗೆ ಹೋಯಿತು. ಒಂದು ಮೇಕೆಗಳ ಮಧ್ಯೆ ಹೋಗಿ ನಿಂತಿತು. ಕಾಯುತ್ತಿದ್ದ ಅಜ್ಜಿ ನನ್ನನ್ನು ಬೈದರೋ ಮೇಕೆಯನ್ನು ಬೈದರೋ ಗೊತ್ತಾಗಲಿಲ್ಲ, ತೆಲುಗಿನಲ್ಲಿ ಇತ್ತು. ನೆಲ ಗಟ್ಟಿ. ಬೆಂಗಳೂರಿನ ಹುಲ್ಲಿನ ಹಾಸಿಗೆ ಮೇಲೆ ಬಾಲಿನ ಹಿಂದೆ ಸ್ವಲ್ಪ ನೆಲ ತಗುಲಿದರೂ ಕೋಲು ಜಾರಿ ಹೋಗುತ್ತದೆ. ಇಲ್ಲಿ ಹಿಂದೆ ತಗುಲಿದರೆ ಕೋಲು ಪುಟಿದು ಬಾಲಿನ ತಲೆಗೆ ಹೊಡೆಯುತ್ತದೆ. ಬಾಲು ಮೊಲದ ಹಾಗೆ ಓಡುತ್ತದೆ.

ಕೊನೆಯಲ್ಲಿ ಅಣ್ಣ ಬೀಡಿ ಹಚ್ಚಿ ಒಂದೇ ಮಾತು ಹೇಳಿದರು. ‘ತಂಬಿ, ನೀನು ಬಾಲ್ ಹೊಡೀತಾ ಇದೀಯ. ಚಿಕ್ಕವನಿದ್ದಾಗ ಬಾಲ್ ಮುಂದಿನ ಮಣ್ಣು ಹೊಡೀತಿದ್ದೆ.’

ಮನೆಗೆ ಬಂದು ಹೆಂಡತಿಯ ರಂಗೋಲಿ ಪುಡಿ ಕೇಳಿದೆ. ಯಾಕೆ ಅಂದಳು. ಹೇಳಿದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಸ್ವಲ್ಪದರಲ್ಲಿ ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಆವತ್ತು ಬೆಳಿಗ್ಗೆ ಒಲೆ ಆರಿಸಿ ಟಿವಿ ಮುಂದೆ ಕೂತಿದ್ದವಳು ಇವಳು. ಆ ಹುಡುಗಿ ಎಷ್ಟು ನಿಧಾನಕ್ಕೆ, ಮೆತ್ತಗೆ ಹೊಡೀತಾಳೆ ನೋಡಿ ಅಂತ ಆವತ್ತೇ ಅಂದಿದ್ದಳು. ನನಗೆ ಆಗ ಕಿವಿಗೆ ಹೋಗಿರಲಿಲ್ಲ. ಪುಡಿ ಕೊಟ್ಟಳು, ಬಣ್ಣದ್ದಲ್ಲ, ಬಿಳಿದು. ‘ಬಣ್ಣದ್ದು ಸಂಕ್ರಾಂತಿಗೆ ಬೇಕು.’

ಹಿತ್ತಲಿನಲ್ಲಿ ಒಂದು ಮಾರುದ್ದ ಬಿಳಿ ಗೆರೆ ಎಳೆದೆ. ಬಾಲಿಲ್ಲ, ಬರೀ ಗೆರೆ. ಗೆರೆಯ ಮೇಲೆ ಬಾಲು ಇದೆ ಅಂದುಕೊಂಡು ಬೀಸಬೇಕು. ಮಣ್ಣು ಕೆದರಿದ ಗುರುತು ಗೆರೆಯಿಂದ ಮುಂದೆ ಇರಬೇಕು, ಹಿಂದೆ ಇರಬಾರದು. ಮೊದಲ ದಿನ ಇಪ್ಪತ್ತರಲ್ಲಿ ಹದಿನಾರು ಹಿಂದೆ. ಭುಜ ಪೂರ್ತಿ ಮೇಲೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಬೇಡ ಅಂತ ಕೈಯನ್ನು ಎದೆ ಮಟ್ಟಕ್ಕೇ ನಿಲ್ಲಿಸಿದೆ. ತೂಕವನ್ನು ಎಡಗಾಲಿಗೆ ಹಾಕಿ ಅಲ್ಲೇ ಬಿಟ್ಟೆ. ಮುಕ್ಕಾಲು ಬೀಸು. ಆಗ ಮಣ್ಣಿನ ಗುರುತು ಮುಂದಕ್ಕೆ ಸರಿಯತೊಡಗಿತು. ದಿನಾ ರೈಲಿಗೆ ಮುಂಚೆ ಹತ್ತು ನಿಮಿಷ. ಬ್ಲೂ ಹಚ್ಚುವುದನ್ನೂ ಬಿಡಲಿಲ್ಲ. ವಾರಕ್ಕೊಂದು ಸಲ ಬಲೆಗೆ ಹೊಡೆದು ಗುರುತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ನೀಲಿ ಚುಕ್ಕೆಗಳು ತುದಿಯಿಂದ ನಾಣ್ಯದ ಕಡೆಗೆ ಒಂದೊಂದಾಗಿ ಬಂದವು. ಮಧ್ಯೆ ಒಂದು ವಾರ ಎಲ್ಲಾ ಹಿಮ್ಮಡಿಗೆ, ಅಂದರೆ ತಲೆ ಶಾಫ್ಟಿಗೆ ಸೇರುವ ಕಡೆಗೆ, ಓಡಿದವು. ಬಾಲು ಅಡ್ಡಡ್ಡ ಹಾರಿ ಶೆಡ್ಡಿನ ಶೀಟಿಗೆ ಬಡಿದು ಸೂಪರ್‌ವೈಸರ್ ಓಡಿ ಬಂದರು. ತೀರಾ ಹತ್ತಿರ ನಿಂತಿದ್ದೆ, ಅಷ್ಟೇ ತಪ್ಪು. ಜನವರಿ ಮುಗಿಯುವಾಗ ಇಪ್ಪತ್ತಕ್ಕೆ ಹದಿಮೂರು ನಾಣ್ಯದ ಒಳಗೆ. ಹಿತ್ತಲಿನ ಕನಕಾಂಬರದ ಪಾತಿ ಒಂದು ಹೋಯಿತು. ಅದರ ಲೆಕ್ಕ ಇನ್ನೂ ಬಾಕಿ ಇದೆ.

ಮಧ್ಯದಲ್ಲಿ ನಾಲ್ಕು ಭಾನುವಾರ ಹೋದೆ. 15, 14, ಮತ್ತೆ 16, ಆಮೇಲೆ 11 ಜಾಸ್ತಿ.

ಮಾರ್ಚ್ ಎರಡನೇ ಭಾನುವಾರ ಗಾಳಿ ಇತ್ತು. ಬೇಸಿಗೆ ಗಾಳಿ ಅಂದರೆ ನಮ್ಮೂರಲ್ಲಿ ಸೈನೈಡ್ ಗುಡ್ಡದ ಬಿಳಿ ಧೂಳು ಬಾಯಿಗೆ ಬರುವುದು ಅಂತ. ಅಣ್ಣ ಟವೆಲ್ ಮುಖಕ್ಕೆ ಸುತ್ತಿಕೊಂಡಿದ್ದರು. ಮೊದಲ ಗುಂಡಿಗೇ ಒಂದು ಏಟು ಜಾಸ್ತಿ, ಎರಡನೆಯದಕ್ಕೂ ಒಂದು. ಮೂರನೆಯದರಲ್ಲಿ ಬಾವುಟ 120 ಗಜದಲ್ಲಿ, ಎದುರು ಗಾಳಿ. ಬೆಂಗಳೂರಿನ ನಾನಾಗಿದ್ದರೆ ದೊಡ್ಡ ಕೋಲು ಕೇಳುತ್ತಿದ್ದೆ. ಅಣ್ಣ ಏನೂ ಕೇಳದೆ ಸೆವೆನ್ ಕೈಗಿಟ್ಟರು. ಎದೆ ಮಟ್ಟಕ್ಕೆ ಎತ್ತಿ ಬಿಟ್ಟೆ. ಕೈಗೆ ಏನೂ ತಿಳಿಯಲಿಲ್ಲ. ಅದೇ ಅದರ ಗುರುತು. ನಾಣ್ಯದ ಮೇಲೆ ಬಿದ್ದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ, ಕೈಗೆ ಸುದ್ದಿಯೇ ಬರಲ್ಲ. ಬಾಲು ಗಾಳಿಯ ಕೆಳಗೇ ತಗ್ಗಿ ಹೋಗಿ ಎರಡು ಸಲ ಪುಟಿದು ಬಾವುಟದಿಂದ ನಾಲ್ಕು ಹೆಜ್ಜೆ ದೂರ ನಿಂತಿತು.

ಆಮೇಲೆ ಗುಂಡಿಗೆ ತಳ್ಳಿದ ಮೊದಲ ಏಟು ತಪ್ಪಿತು. ಅದನ್ನೂ ಹೇಳಬೇಕಲ್ಲ.

ಆದರೆ ಆ ಮೂರನೆಯದರಿಂದ ಏಳನೇ ಗುಂಡಿಯ ತನಕ ಒಂದೂ ಜಾಸ್ತಿ ಇಲ್ಲ. ಐದು ಪಾರ್ ಸಾಲಾಗಿ. 14 ಹ್ಯಾಂಡಿಕ್ಯಾಪಿನ ದಿನಗಳಲ್ಲೂ ನಾನು ಐದು ಸಾಲಾಗಿ ಕಂಡಿರಲಿಲ್ಲ. ಎಂಟನೆಯದರಲ್ಲಿ ತಲೆಗೆ ಏರಿತು. ಫೈವ್ ವುಡ್ಡನ್ನು ಜೋರಾಗಿ ಬೀಸಿ ಜಾಲಿಮುಳ್ಳಿಗೆ ಕಳಿಸಿದೆ. ಅಣ್ಣ ಮೂರು ನಿಮಿಷದ ಒಳಗೆ ಹುಡುಕಿದರು. ಈ ಸಲ ಕಾಲ್ಬೆರಳು ಬಳಸಲಿಲ್ಲ. ಆದರೂ ಎರಡು ಜಾಸ್ತಿ ಆಯಿತು. ಒಂಬತ್ತನೆಯದಕ್ಕೆ ಒಂದು. ಒಟ್ಟು ಪಾರ್‌ಗಿಂತ 5.

ಅಣ್ಣ ಸೆವೆನ್ನನ್ನು ಚೀಲಕ್ಕೆ ಹಾಕುವ ಮೊದಲು ಮುಖ ಮೇಲೆ ಮಾಡಿ ನೋಡಿದರು. ಬ್ಲೂ ಹಚ್ಚಿರಲಿಲ್ಲ, ಧೂಳೇ ಸಾಕಾಗಿತ್ತು. ಬಿಳಿ ಧೂಳಿನ ಮಧ್ಯೆ ನಾಣ್ಯದಷ್ಟು ಜಾಗ ಮಾತ್ರ ಚೊಕ್ಕ. ಹೆಬ್ಬೆರಳಲ್ಲಿ ಅದನ್ನು ಸವರಿದರು. ‘ಹತ್ತು ಪೈಸೆ ಈಗ ಚಲಾವಣೆಯಲ್ಲಿ ಇಲ್ಲ ತಂಬಿ’ ಅಂದರು. ನಾನು ಕ್ಯಾಡಿ ದುಡ್ಡು ಕೊಟ್ಟೆ, ಟೀ ಕುಡಿಸಿದೆ. ಮುಂದಿನ ಭಾನುವಾರ ಆರು ಗಂಟೆಗೇ ಬಾ, ಗಾಳಿ ಏಳುವ ಮುಂಚೆ ಅಂದರು.

ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು. ಹಿಂದೆ ಶನಿವಾರ ಸಂಜೆ ಹೀಗೇ ನಗುತ್ತಾ ಬಂದು ಅವರ ಕೈಗೆ ದುಡ್ಡು ಇಡುತ್ತಿದ್ದೆ.

‘ಎಷ್ಟು ಕೊಟ್ರು ಇವತ್ತು?’

‘ನಾನೇ ಕೊಟ್ಟು ಬಂದೆ ಅಮ್ಮಾ. ಒಳಗೆ ಹೋಗೋಕೆ ಬೇರೆ, ಅಣ್ಣನಿಗೆ ಬೇರೆ.’

ಅಮ್ಮ ಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ ಒಳಗೆ ಕೂಗಿದರು. ‘ಇವಳೇ, ನಿನ್ನ ಬಳೆ ಎಲ್ಲಿದೆ ನೋಡ್ಕೋ.’